ಪಟ್ಟದಕಲ್ಲಿನ ಆ ಕಂಬದ ಫೋಟೋ ಎಲ್ಲಿದೆ? ಚಿತ್ರಗಳನ್ನು ತೋರಿಸುವ, ಜೋಡಿಸುವ ಸಾಫ್ಟ್‌ವೇರ್‌ಗಳು ಕೆಲಸ ಮಾಡುವ ರೀತಿ

ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ಗುಡಿ ಮತ್ತು ಮಲ್ಲಿಕಾರ್ಜುನ ಗುಡಿ ಅಕ್ಕಪಕ್ಕದಲ್ಲೇ ಇವೆ. ಚಾಲುಕ್ಯರ ಎರಡನೇ ವಿಕ್ರಮಾದಿತ್ಯನ ಇಬ್ಬರು ರಾಣಿಯರು, ಲೋಕಮಹಾದೇವಿ ಮತ್ತು ತ್ರೈಲೋಕ್ಯಮಹಾದೇವಿ, ಕಟ್ಟಿಸಿದ ಗುಡಿಗಳು. ಕಾಲ ಹೆಚ್ಚುಕಡಿಮೆ ಒಂದೇ, ಶೈಲಿ ಒಂದೇ, ಕಲ್ಲಿನ ಬಣ್ಣವೂ ಒಂದೇ. ಎರಡರ ಕಂಬಗಳ ಮೇಲೂ ಪುರಾಣದ ಕಥೆಗಳನ್ನು ಸಾಲಾಗಿ ಕೆತ್ತಿದ್ದಾರೆ. ಅಲ್ಲಿ ನಿಂತಾಗ ಯಾವುದು ಯಾವ ಗುಡಿ ಅನ್ನೋದರಲ್ಲಿ ಗೊಂದಲ ಇರುವುದಿಲ್ಲ. ಆರು ತಿಂಗಳು ಬಿಟ್ಟು ಕಂಪ್ಯೂಟರ್‌ನಲ್ಲಿ ಒಂದು ಕಂಬದ ಫೋಟೋ ತೆರೆದರೆ ಮಾತ್ರ ಇದು ಯಾವ ಗುಡಿಯದ್ದು ಅಂತ ಹೇಳುವುದು ಬಹಳ ಕಷ್ಟ. ಜಿಪಿಎಸ್ ಕೂಡ ಇಲ್ಲಿ ಕೈ ಹಿಡಿಯುವುದಿಲ್ಲ. ಕಲ್ಲಿನ ಮಂಟಪದೊಳಗೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಸಿಕ್ಕರೂ ‘ಪಟ್ಟದಕಲ್ಲು’ ಅಂತ ಹೇಳೀತು, ಪಕ್ಕಪಕ್ಕದ ಎರಡು ಗುಡಿಗಳಲ್ಲಿ ಯಾವುದು ಅಂತ ಖಚಿತವಾಗಿ ಹೇಳಲಾರದು.

ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಫೋಟೋ ತೆಗೆಯುವವರಿಗೆ ಬರವಿಲ್ಲ. ಬಾದಾಮಿ, ಐಹೊಳೆ, ಮಹಾಕೂಟಕ್ಕೆ ಬರುವ ವಿದ್ಯಾರ್ಥಿಗಳು, ಹೋಳಿಯ ಬಣ್ಣದಾಟ ಹಿಡಿಯುವವರು, ಬನಶಂಕರಿ ಜಾತ್ರೆಗೆ ಕ್ಯಾಮೆರಾ ಹೊತ್ತು ಬರುವವರು, ಖಣದ ಹೊಸ ಡಿಸೈನುಗಳನ್ನು ಗಿರಾಕಿಗಳಿಗೆ ಮೊಬೈಲ್‌ನಲ್ಲಿ ಕಳಿಸುವ ಗುಳೇದಗುಡ್ಡದ ನೇಕಾರರು, ಮದುವೆ ಸ್ಟುಡಿಯೋದವರು. ತೆಗೆಯುವುದು ಎಲ್ಲರಿಗೂ ಬರುತ್ತದೆ. ಬೇಕಾದಾಗ ಹುಡುಕಿ ತೆಗೆಯುವುದೇ ಕಷ್ಟ. ಇದಕ್ಕೆ ಒಳ್ಳೆಯ ಸಾಫ್ಟ್‌ವೇರ್‌ಗಳಿವೆ, ಪುಕ್ಕಟೆಯಾಗಿಯೂ ಸಿಗುತ್ತವೆ. ಆದರೆ ಅವು ಒಳಗೆ ಏನು ಮಾಡುತ್ತವೆ, ನಾವು ಕೊಟ್ಟ ಮಾಹಿತಿಯನ್ನು ಎಲ್ಲಿ ಬರೆದಿಡುತ್ತವೆ ಅಂತ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ವರ್ಷಗಟ್ಟಲೆ ಜೋಡಿಸಿದ ಕೆಲಸ ಕಂಪ್ಯೂಟರ್ ಬದಲಾಯಿಸಿದ ದಿನ ಹೋಗಿಬಿಡಬಹುದು. ಈ ಲೇಖನ ಬರೆಯಲು ಅದೇ ಕಾರಣ.

ಚಿಕ್ಕ ಚಿತ್ರ ಎಲ್ಲಿಂದ ಬರುತ್ತದೆ

ಫೋಲ್ಡರ್ ತೆರೆದ ತಕ್ಷಣ ಚಿಕ್ಕಚಿಕ್ಕ ಚಿತ್ರಗಳು ಕಾಣುತ್ತವೆ. ಅವೇ ಥಂಬ್‌ನೇಲ್‌ಗಳು. ಅವು ಮೂಲ ಫೋಟೋಗಳಲ್ಲ. ಯಾಕೆ ಅಲ್ಲ ಅನ್ನೋದಕ್ಕೆ ಒಂದು ಲೆಕ್ಕ ನೋಡಿ.

24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ಫೋಟೋದಲ್ಲಿ ಅಡ್ಡ 6000, ಉದ್ದ 4000 ಪಿಕ್ಸೆಲ್, ಅಂದರೆ ಬಣ್ಣದ ಚುಕ್ಕೆಗಳು, ಇರುತ್ತವೆ. ಒಟ್ಟು 2.4 ಕೋಟಿ. ಒಂದೊಂದಕ್ಕೂ ಕೆಂಪು, ಹಸಿರು, ನೀಲಿ ಅಂತ ಮೂರು ಬೈಟ್ ಬೇಕು. ಡಿಸ್ಕಿನ ಮೇಲೆ ಜೆಪೆಗ್ ಅನ್ನುವ ಕುಗ್ಗಿಸಿದ ರೂಪದಲ್ಲಿ ಆ ಫೋಟೋ 10 ಎಂಬಿ ಆಸುಪಾಸು ಇರಬಹುದು. ಆದರೆ ತೆರೆಯ ಮೇಲೆ ತೋರಿಸಲು ಅದನ್ನು ಬಿಚ್ಚಿದಾಗ ಸುಮಾರು 72 ಎಂಬಿ ಮೆಮೊರಿ ತಿನ್ನುತ್ತದೆ. ಫೋಲ್ಡರ್‌ನಲ್ಲಿ ಇಂಥ 500 ಫೋಟೋ ಇದ್ದರೆ 36 ಜಿಬಿ ಆಯಿತು. ಯಾವ ಮನೆ ಕಂಪ್ಯೂಟರ್ ತಾಳೀತು? ಅದೇ ಫೋಟೋವನ್ನು 256 ಪಿಕ್ಸೆಲ್ ಅಗಲಕ್ಕೆ ಇಳಿಸಿದರೆ ಬೇಕಾಗುವುದು ಬರೀ 130 ಕೆಬಿ ಸುಮಾರು. 500 ಫೋಟೋ ಸೇರಿದರೂ 65 ಎಂಬಿ ಆಸುಪಾಸಿಗೆ ಮುಗಿಯುತ್ತದೆ. ಬಟ್ಟೆ ಅಂಗಡಿಯಲ್ಲಿ ಇಡೀ ಥಾನು ಬಿಚ್ಚದೆ ಮಾದರಿಯ ತುಂಡು ತೋರಿಸುವ ಹಾಗೆ, ಸಾಫ್ಟ್‌ವೇರ್ ಈ ಚಿಕ್ಕ ಪ್ರತಿಯನ್ನು ಒಮ್ಮೆ ತಯಾರಿಸಿ ಇಟ್ಟುಕೊಂಡು ಪ್ರತಿಸಲ ಅದನ್ನೇ ತೋರಿಸುತ್ತದೆ.

ಆ ಚಿಕ್ಕ ಪ್ರತಿಗಳನ್ನು ಎಲ್ಲಿ ಇಡುತ್ತದೆ? ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಪ್ರತಿ ಫೋಲ್ಡರ್‌ನಲ್ಲೂ ‘ಥಂಬ್ಸ್.ಡಿಬಿ’ ಅನ್ನುವ ಮುಚ್ಚಿಟ್ಟ ಫೈಲ್ ಇರುತ್ತಿತ್ತು. ಹಳೆಯ ಸಿಡಿಗಳಲ್ಲಿ ಇದನ್ನು ನೋಡಿ ವೈರಸ್ ಅಂತ ಹೆದರಿದವರೂ ಇದ್ದಾರೆ. ವೈರಸ್ ಅಲ್ಲ, ಅಳಿಸಿದರೂ ಫೋಟೋಗೆ ಏನೂ ಆಗುವುದಿಲ್ಲ. ವಿಸ್ಟಾ ಬಂದ ಮೇಲೆ ವಿಂಡೋಸ್ ಇವನ್ನೆಲ್ಲ ಬಳಕೆದಾರರ ಖಾತೆಯ ಒಳಗೆ ಒಂದೇ ಕಡೆ ಇಡಲು ಶುರುಮಾಡಿತು. ಲಿನಕ್ಸ್‌ನಲ್ಲೂ ಹೀಗೆಯೇ, ಬಳಕೆದಾರರ ಹೋಮ್ ಫೋಲ್ಡರ್‌ನಲ್ಲಿ ಕ್ಯಾಶ್ ಅನ್ನುವ, ತಾತ್ಕಾಲಿಕ ಪ್ರತಿಗಳನ್ನು ಇಡುವ ಜಾಗದಲ್ಲಿ ಒಟ್ಟಿಗೆ ಇರುತ್ತವೆ.

ಇಷ್ಟು ತಿಳಿದರೆ ದಿನನಿತ್ಯದ ಕೆಲವು ತೊಂದರೆಗಳು ಅರ್ಥವಾಗುತ್ತವೆ. ಪೆನ್‌ಡ್ರೈವ್ ಹಾಕಿದ ಹೊಸದರಲ್ಲಿ ಚಿತ್ರಗಳು ಒಂದೊಂದಾಗಿ ನಿಧಾನಕ್ಕೆ ಮೂಡುತ್ತವೆ. ಚಿಕ್ಕ ಪ್ರತಿಗಳು ಆಗಷ್ಟೇ ತಯಾರಾಗುತ್ತಿವೆ ಅಂತ ಅರ್ಥ. ಎರಡನೇ ಸಲ ಅದೇ ಫೋಲ್ಡರ್ ಬೇಗ ತೆರೆಯುತ್ತದೆ. ಒಮ್ಮೊಮ್ಮೆ ಎಡಿಟ್ ಮಾಡಿದ ಫೋಟೋ ಹೊರಗಿನಿಂದ ಹಳೆಯ ರೂಪದಲ್ಲೇ ಕಾಣುತ್ತದೆ. ಫೋಟೋ ಬದಲಾಗಿದೆ, ಕ್ಯಾಶ್ ಬದಲಾಗಿಲ್ಲ. ಡಿಸ್ಕ್ ಕ್ಲೀನಪ್‌ಗೆ ಹೋಗಿ ಥಂಬ್‌ನೇಲ್ಸ್ ಅನ್ನುವುದಕ್ಕೆ ಟಿಕ್ ಹಾಕಿ ಅಳಿಸಿದರೆ ಎಲ್ಲ ಹೊಸದಾಗಿ ತಯಾರಾಗುತ್ತವೆ. ಚಿತ್ರಗಳ ಬದಲು ಬರೀ ಐಕಾನ್ ಕಾಣುತ್ತಿದ್ದರೆ ಫೋಲ್ಡರ್ ಆಪ್ಷನ್ಸ್‌ನಲ್ಲಿ ‘ಯಾವಾಗಲೂ ಐಕಾನ್ ತೋರಿಸು, ಥಂಬ್‌ನೇಲ್ ಬೇಡ’ ಅನ್ನುವ ಟಿಕ್ ತೆಗೆಯಿರಿ. ಐಫೋನಿನ ಫೋಟೋಗಳು ಮಾತ್ರ ಕಾಣುತ್ತಿಲ್ಲ ಅಂದರೆ ಕಾರಣ ಬೇರೆ. 2017ರ ಐಓಎಸ್ 11ರಿಂದ ಐಫೋನ್‌ಗಳು ಹೆಚ್ಚಾಗಿ ಎಚ್‌ಇಐಸಿ ರೂಪದಲ್ಲಿ ಫೋಟೋ ಉಳಿಸುತ್ತವೆ. ವಿಂಡೋಸ್‌ಗೆ ಅದನ್ನು ಓದಲು ಬೇರೆ ಎಕ್ಸ್‌ಟೆನ್ಶನ್ ಹಾಕಿಕೊಳ್ಳಬೇಕಾಗಬಹುದು.

ಇನ್ನೊಂದು ಮಾತು. ಮೂಲ ಫೋಟೋ ಅಳಿಸಿದ ಮೇಲೂ ಅದರ ಚಿಕ್ಕ ಪ್ರತಿ ಕ್ಯಾಶ್‌ನಲ್ಲಿ ಉಳಿದಿರಬಹುದು. ಹಳೆಯ ಕಂಪ್ಯೂಟರ್ ಅಥವಾ ಫೋನ್ ಬೇರೆಯವರಿಗೆ ಕೊಡುವಾಗ ಫೋಟೋ ಅಳಿಸಿದರೆ ಸಾಲದು. ಪೂರ್ತಿ ರೀಸೆಟ್ ಮಾಡಿ ಕೊಡಿ.

ದೊಡ್ಡದಾಗಿ ನೋಡುವುದು

ಬಾದಾಮಿಯ ಮೂರನೇ ಗುಹೆಯನ್ನೇ ತೆಗೆದುಕೊಳ್ಳಿ. 578ರ ಶಾಸನ ಇರುವ ಗುಹೆ. ಹೊರಗೆ ಉರಿಬಿಸಿಲು, ಒಳಗೆ ಅರೆಗತ್ತಲು. ಕ್ಯಾಮೆರಾ ಶಟರ್ ಅನ್ನು ಜಾಸ್ತಿ ಹೊತ್ತು ತೆರೆದಿಡುತ್ತದೆ, ಕೈ ಸ್ವಲ್ಪ ಅಲುಗಾಡುತ್ತದೆ. ಫೋಟೋ ಚಿಕ್ಕದಾಗಿ ಕಂಡಾಗ ಚೆನ್ನಾಗಿಯೇ ಇರುತ್ತದೆ. ಪ್ರಿಂಟ್ ಹಾಕಿಸಿದಾಗ ವಿಗ್ರಹದ ಮುಖ ಮಸುಕು.

ಯಾಕೆ ಮೊದಲೇ ಗೊತ್ತಾಗುವುದಿಲ್ಲ ಅಂದರೆ, 6000 ಅಡ್ಡ 4000 ಪಿಕ್ಸೆಲ್‌ನ ಫೋಟೋವನ್ನು ಫುಲ್ ಎಚ್‌ಡಿ ತೆರೆಗೆ ಹೊಂದಿಸಿ ತೋರಿಸುವಾಗ ಸುಮಾರು 14 ಪಿಕ್ಸೆಲ್‌ಗಳು ಸೇರಿ ಒಂದಾಗಿ ಕಾಣುತ್ತವೆ. ಚಿಕ್ಕಪುಟ್ಟ ಅಲುಗಾಟವೆಲ್ಲ ಅದರಲ್ಲಿ ಮುಚ್ಚಿಹೋಗುತ್ತದೆ. ಅದಕ್ಕೇ ಫೋಟೋ ಆರಿಸುವಾಗ 100 ಪರ್ಸೆಂಟ್ ನೋಟ ಬೇಕೇ ಬೇಕು. ಫೋಟೋದ ಒಂದು ಪಿಕ್ಸೆಲ್‌ಗೆ ತೆರೆಯ ಒಂದು ಪಿಕ್ಸೆಲ್. ಫಾಸ್ಟ್‌ಸ್ಟೋನ್ ಅನ್ನುವ ಫೋಟೋ ನೋಡುವ ಸಾಫ್ಟ್‌ವೇರ್‌ನಲ್ಲಿ ಚಿತ್ರದ ಮೇಲೆ ಮೌಸ್ ಒತ್ತಿ ಹಿಡಿದರೆ ಆ ಭಾಗ ದೊಡ್ಡದಾಗಿ ಕಾಣುತ್ತದೆ. ಒಂದೇ ವಿಗ್ರಹದ ಎರಡು-ಮೂರು ಫೋಟೋಗಳನ್ನು ಪಕ್ಕಪಕ್ಕ ಇಟ್ಟು, ಒಟ್ಟಿಗೆ ಜೂಮ್ ಮಾಡಿ ಹೋಲಿಸುವ ಸೌಲಭ್ಯವೂ ಅದರಲ್ಲಿದೆ. ವಿಂಡೋಸ್‌ನ ಮಾಮೂಲಿ ಎಕ್ಸ್‌ಪ್ಲೋರರ್‌ನಲ್ಲಿ ಇದು ಸಿಗುವುದಿಲ್ಲ. ನನ್ನ ಮಟ್ಟಿಗೆ ಬೇರೆ ಸಾಫ್ಟ್‌ವೇರ್ ಹಾಕಿಕೊಳ್ಳಲು ಇದೊಂದೇ ಕಾರಣ ಸಾಕು.

ರಾ ಫೈಲ್‌ಗಳಲ್ಲಿ ಒಂದು ವಿಚಿತ್ರ ಕಾಣುತ್ತದೆ. ಫೋಟೋ ತೆರೆದಾಗ ಮೊದಲು ಒಂದು ಬಣ್ಣ, ಒಂದೆರಡು ಸೆಕೆಂಡಿನ ಮೇಲೆ ಇನ್ನೊಂದು ಬಣ್ಣ. ಬಾದಾಮಿಯ ಕೆಂಪು ಬಂಡೆ ಇದ್ದಕ್ಕಿದ್ದಂತೆ ಪೇಲವವಾಗುತ್ತದೆ. ಏನೂ ಹಾಳಾಗಿಲ್ಲ. ರಾ ಫೈಲ್ ಅಂದರೆ ಸೆನ್ಸರ್ ಹಿಡಿದ ಕಚ್ಚಾ ಮಾಹಿತಿ, ಅದು ನೇರವಾಗಿ ಚಿತ್ರವಾಗಿ ಕಾಣುವುದಿಲ್ಲ. ಅದಕ್ಕೆ ಕ್ಯಾಮೆರಾ ತಾನೇ ಒಂದು ಜೆಪೆಗ್ ತಯಾರಿಸಿ ಆ ಫೈಲಿನೊಳಗೆ ಸೇರಿಸಿ ಇಟ್ಟಿರುತ್ತದೆ. ಫೋಟೋ ತೋರಿಸುವ ಸಾಫ್ಟ್‌ವೇರ್ ಮೊದಲು ಅದನ್ನು ತೋರಿಸುತ್ತದೆ, ಆಮೇಲೆ ಕಚ್ಚಾ ಮಾಹಿತಿಯಿಂದ ತನ್ನದೇ ಲೆಕ್ಕದಲ್ಲಿ ಚಿತ್ರ ಕಟ್ಟುತ್ತದೆ. ಆರಿಸುವ ಕೆಲಸಕ್ಕೆ ಒಳಗಿನ ಜೆಪೆಗ್ ಸಾಕು. ಕೆಲಸವೂ ಬೇಗ ಸಾಗುತ್ತದೆ.

ಅಡ್ಡ ತಿರುಗುವ ಫೋಟೋಗಳ ಕಥೆಯೂ ಇಂಥದ್ದೇ. ಫೋನ್ ಉದ್ದಕ್ಕೆ ಹಿಡಿದು ತೆಗೆದರೂ ಎಷ್ಟೋ ಸಲ ಪಿಕ್ಸೆಲ್‌ಗಳು ಅಡ್ಡಲಾಗಿಯೇ ಉಳಿಯುತ್ತವೆ. ‘ತೋರಿಸುವಾಗ ತಿರುಗಿಸು’ ಅನ್ನುವ ಒಂದು ಅಂಕಿ ಮಾತ್ರ ಫೈಲಿನಲ್ಲಿ ಸೇರುತ್ತದೆ. ಆ ಅಂಕಿಯನ್ನು ಓದುವ ಸಾಫ್ಟ್‌ವೇರ್‌ನಲ್ಲಿ ಫೋಟೋ ನೆಟ್ಟಗೆ, ಓದದೇ ಇರುವುದರಲ್ಲಿ ಅಡ್ಡಡ್ಡ. ಇದನ್ನು ಸರಿಮಾಡಲು ‘ಲಾಸ್‌ಲೆಸ್ ರೊಟೇಟ್’ ಬಳಸಿ. ತೆರೆದು, ತಿರುಗಿಸಿ, ಮತ್ತೆ ಸೇವ್ ಮಾಡಿದರೆ ಜೆಪೆಗ್ ಇನ್ನೊಮ್ಮೆ ಕುಗ್ಗಿ ಗುಣಮಟ್ಟ ಕಡಿಮೆಯಾಗುತ್ತದೆ.

ಹೆಸರು: ಎಲ್ಲಕ್ಕಿಂತ ದೊಡ್ಡ ಗೊಂದಲ

ಕ್ಯಾಮೆರಾ ಕೊಡುವ ಹೆಸರುಗಳು ಯಾಕೆ ಅಷ್ಟು ಮೊಂಡು? ಡಿಎಸ್‌ಸಿ_0412, ಐಎಂಜಿ_0412 ಅಂತ. ಡಿಸಿಎಫ್ ಅನ್ನುವ ಜಪಾನಿನ ಒಂದು ಮಾನದಂಡವನ್ನು ಬಹುತೇಕ ಕ್ಯಾಮೆರಾ ಕಂಪನಿಗಳು ಪಾಲಿಸುತ್ತವೆ. ಅದರ ಪ್ರಕಾರ ಹೆಸರಿಗೆ ಎಂಟು ಅಕ್ಷರ ಮಾತ್ರ: ನಾಲ್ಕು ಅಕ್ಷರ, ನಾಲ್ಕು ಅಂಕಿ. ಅಂಕಿಗಳು 0001ರಿಂದ 9999ರವರೆಗೆ ಹೋಗಿ ಮತ್ತೆ 0001ಕ್ಕೆ ಬರುತ್ತವೆ. ಅಂದರೆ ಒಂದೇ ಕ್ಯಾಮೆರಾದಲ್ಲಿ ಒಂದೇ ಹೆಸರಿನ ಎರಡು ಫೋಟೋ ಬರುವುದು ಖಂಡಿತ. ಒಂದೇ ಕಂಪನಿಯ ಎರಡು ಕ್ಯಾಮೆರಾ ಇದ್ದರೆ ಮೊದಲ ದಿನವೇ ಬರಬಹುದು.

ಮದುವೆ ಆಲ್ಬಮ್‌ಗೆ ಫೋಟೋ ಆರಿಸುವ ಪದ್ಧತಿ ನಿಮಗೆ ಗೊತ್ತು. ಸ್ಟುಡಿಯೋದವರು ಪೆನ್‌ಡ್ರೈವ್ ಕೊಡುತ್ತಾರೆ. ಮನೆಯವರೆಲ್ಲ ಟಿವಿ ಮುಂದೆ ಕೂತು ನಂಬರ್‌ಗಳನ್ನು ಹಾಳೆಯಲ್ಲಿ ಬರೆದು ವಾಪಸ್ ಕೊಡುತ್ತಾರೆ. 412, 415, 430. ಅಕ್ಷತೆಯ ಹೊತ್ತಿಗೆ ಎರಡು ಕ್ಯಾಮೆರಾ ಓಡಿದ್ದರೆ 412 ಎರಡಿವೆ. ಒಂದರಲ್ಲಿ ಮದುಮಗಳು, ಇನ್ನೊಂದರಲ್ಲಿ ಊಟದ ಪಂಕ್ತಿ. ಆಲ್ಬಮ್ ಅಚ್ಚಾಗಿ ಬಂದ ಮೇಲೆ ಜಗಳ. ಇದರಲ್ಲಿ ಯಾರ ತಪ್ಪೂ ಇಲ್ಲ, ಹೆಸರಿಡುವ ಪದ್ಧತಿಯೇ ಹಾಗಿದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಎರಡೂ ಕಾರ್ಡುಗಳನ್ನು ಒಂದೇ ಫೋಲ್ಡರ್‌ಗೆ ಹಾಕುವಾಗ ಕಂಪ್ಯೂಟರ್ ‘ಇದೇ ಹೆಸರಿನ ಫೈಲ್ ಇದೆ, ಬದಲಾಯಿಸಲೇ?’ ಅಂತ ಕೇಳುತ್ತದೆ. ಅವಸರದಲ್ಲಿ ಹೂಂ ಅಂದರೆ ಮೊದಲ ಕ್ಯಾಮೆರಾದ ಫೋಟೋ ಹೋಯಿತು. ಆ ಪ್ರಶ್ನೆ ಬಂದರೆ ಎರಡನ್ನೂ ಉಳಿಸುವ ಆಯ್ಕೆಯನ್ನೇ ಒತ್ತಿ.

ಪರಿಹಾರ ಬ್ಯಾಚ್ ರಿನೇಮ್. ನೂರಾರು ಫೈಲ್‌ಗಳನ್ನು ಒಟ್ಟಿಗೆ ಆರಿಸಿ ಒಂದು ಮಾದರಿ ಕೊಟ್ಟರೆ ಸಾಫ್ಟ್‌ವೇರ್ ತಾನೇ ಹೆಸರಿಡುತ್ತದೆ. ನನ್ನ ಸಲಹೆ: ಮೊದಲು ದಿನಾಂಕ, ಆಮೇಲೆ ಜಾಗ ಅಥವಾ ಸಂದರ್ಭ, ಕೊನೆಗೆ ಸಾಲು ಸಂಖ್ಯೆ. ದಿನಾಂಕವನ್ನು ವರ್ಷ-ತಿಂಗಳು-ದಿನ ಅಂತಲೇ ಬರೆಯಿರಿ. 2025ರ ಬನದ ಹುಣ್ಣಿಮೆಯ ಬನಶಂಕರಿ ತೇರಿನ ಫೋಟೋ ಆದರೆ ‘2025-01-13_ಬನಶಂಕರಿ_ತೇರು_001’. ಹೀಗೆ ಬರೆದರೆ ಹೆಸರಿನ ಪ್ರಕಾರ ಜೋಡಿಸಿದಾಗ ಫೋಟೋಗಳು ಕಾಲಕ್ರಮದಲ್ಲೇ ಬರುತ್ತವೆ. ನಾವು ರೂಢಿಯಲ್ಲಿ ಬರೆಯುವ 13-01-2025 ಬರೆದರೆ ಎಲ್ಲ ವರ್ಷಗಳ 13ನೇ ತಾರೀಖುಗಳು ಒಂದು ಕಡೆ ಗುಂಪುಗೂಡುತ್ತವೆ. ಸಂಖ್ಯೆಯನ್ನು 1, 2 ಅನ್ನದೆ 001, 002 ಅನ್ನಿ. ಕೆಲವು ಸಾಫ್ಟ್‌ವೇರ್‌ಗಳು, ಟಿವಿಗಳು 10 ಅನ್ನು 2ಕ್ಕಿಂತ ಮೊದಲು ಇಡುತ್ತವೆ.

ಕನ್ನಡದಲ್ಲಿ ಹೆಸರು ಇಡಬಹುದೇ? ಧಾರಾಳವಾಗಿ ಇಡಬಹುದು, ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆಬೇರೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ. ಡಿಟಿಪಿ ಮಾಡುವ ಕಡೆ ಇನ್ನೂ ‘ನುಡಿ’, ‘ಬರಹ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಆಸ್ಕಿ ಫಾಂಟ್‌ಗಳು ಬಳಕೆಯಲ್ಲಿವೆ. ಅವುಗಳಲ್ಲಿ ಕಾಣುವುದು ಕನ್ನಡ, ಒಳಗೆ ಇರುವುದು ಇಂಗ್ಲಿಷ್ ಸಂಕೇತ. ಫೈಲ್ ಹೆಸರಿಗೆ ನಾವು ಫಾಂಟ್ ಆರಿಸಲು ಆಗುವುದಿಲ್ಲ. ಹಾಗಾಗಿ ಅಲ್ಲಿ ಅರ್ಥವಿಲ್ಲದ ಅಕ್ಷರಗಳ ಸಾಲು ಕಾಣುತ್ತದೆ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ವಿಂಡೋಸ್‌ನದ್ದೇ ಕನ್ನಡ ಕೀಬೋರ್ಡ್ ಕೂಡ ಇದೆ. ಆದರೆ ಕೆಲವು ಹಳೆಯ ಸಾಫ್ಟ್‌ವೇರ್‌ಗಳು ಯೂನಿಕೋಡ್ ಹೆಸರನ್ನು ಪ್ರಶ್ನೆಚಿಹ್ನೆಗಳಾಗಿ ತೋರಿಸುತ್ತವೆ. ಅದಕ್ಕೆ ಹೊರಗೆ ಪ್ರಿಂಟಿಗೆ ಕೊಡುವ ಫೋಟೋಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿಟ್ಟು, ಕನ್ನಡದ ವಿವರವನ್ನು ಫೋಟೋದೊಳಗಿನ ಶೀರ್ಷಿಕೆಯಲ್ಲಿ ಬರೆಯುವುದು ವಾಸಿ. ಹಾಗೇ, ಒಂದು ಊರಿಗೆ ಒಂದೇ ಕಾಗುಣಿತ ಇಟ್ಟುಕೊಳ್ಳಿ. ಒಮ್ಮೆ ‘ಪಟ್ಟದಕಲ್ಲು’, ಇನ್ನೊಮ್ಮೆ ‘ಪಟ್ಟದಕಲ್’ ಅಂತ ಬರೆದರೆ ಮೊದಲನೆಯದನ್ನು ಹುಡುಕಿದಾಗ ಎರಡನೆಯದು ಸಿಗುವುದಿಲ್ಲ.

ಯಾವ ದಿನಾಂಕ ನಂಬಬೇಕು

ಒಂದು ಫೋಟೋಗೆ ಕನಿಷ್ಠ ಮೂರು ದಿನಾಂಕಗಳಿರುತ್ತವೆ. ಫೈಲ್ ಹುಟ್ಟಿದ್ದು, ಫೈಲ್ ಬದಲಾದದ್ದು, ಫೋಟೋ ತೆಗೆದದ್ದು. ಮೊದಲ ಎರಡು ಕಂಪ್ಯೂಟರ್‌ಗೆ ಸೇರಿದವು. ವಿಂಡೋಸ್‌ನಲ್ಲಿ ಫೈಲ್ ಕಾಪಿ ಮಾಡಿದರೆ ‘ಹುಟ್ಟಿದ’ ದಿನಾಂಕ ಕಾಪಿ ಮಾಡಿದ ಕ್ಷಣದ್ದಾಗುತ್ತದೆ, ‘ಬದಲಾದ’ ದಿನಾಂಕ ಹಳೆಯದೇ ಉಳಿಯುತ್ತದೆ. ಅದಕ್ಕೇ ಬದಲಾದ ಮೇಲೆ ಹುಟ್ಟಿದ ಫೈಲ್‌ಗಳು ಕಾಣಸಿಗುತ್ತವೆ!

ಮೂರನೆಯದು ಫೋಟೋದ ಒಳಗೇ ಇರುತ್ತದೆ. ಅದನ್ನು ಬರೆದಿಡುವ ಪದ್ಧತಿಯ ಹೆಸರು ಎಕ್ಸಿಫ್. 1995ರಲ್ಲಿ ಜಪಾನಿನ ಎಲೆಕ್ಟ್ರಾನಿಕ್ಸ್ ಉದ್ಯಮದ ಸಂಘಟನೆ ಮೊದಲು ರೂಪಿಸಿದ್ದು. ತೆಗೆದ ಸಮಯ, ಕ್ಯಾಮೆರಾ ಮಾದರಿ, ಶಟರ್ ವೇಗ, ಫೋನ್ ಆದರೆ ಜಿಪಿಎಸ್ ಜಾಗ, ಆಗಲೇ ಹೇಳಿದ ತಿರುಗಿಸುವ ಅಂಕಿ, ಎಲ್ಲ ಅದರಲ್ಲಿ ಇರುತ್ತವೆ. ಗುಹೆಯ ಫೋಟೋ ಯಾಕೆ ಮಸುಕಾಯಿತು ಅಂತ ತಿಳಿಯಲು ಅಲ್ಲೇ ನೋಡಬಹುದು. ಶಟರ್ ವೇಗ ಸೆಕೆಂಡಿನ 15ನೇ ಒಂದು ಭಾಗ ಅಂತಿದ್ದರೆ ಕೈಯಲ್ಲಿ ಹಿಡಿದು ತೆಗೆದದ್ದು ಅಲುಗಾಡದೆ ಇರುವುದೇ ಅಪರೂಪ. ಫೋಟೋಗಳನ್ನು ಜೋಡಿಸುವಾಗ ಯಾವಾಗಲೂ ‘ಡೇಟ್ ಟೇಕನ್’ ಪ್ರಕಾರ ಜೋಡಿಸಿ.

ಇದಕ್ಕೂ ಒಂದು ಷರತ್ತಿದೆ, ಕ್ಯಾಮೆರಾದ ಗಡಿಯಾರ ಸರಿ ಇರಬೇಕು. ಎರಡು ಕ್ಯಾಮೆರಾಗಳ ಗಡಿಯಾರದಲ್ಲಿ ಹತ್ತು ನಿಮಿಷ ವ್ಯತ್ಯಾಸ ಇದ್ದರೆ ಒಂದರಲ್ಲಿ ತಾಳಿ ಕಟ್ಟಿ ಆದ ಮೇಲೆ ಇನ್ನೊಂದರಲ್ಲಿ ಅಂತರಪಟ ಹಿಡಿದಿರುತ್ತಾರೆ. ಕೆಲಸ ಶುರುಮಾಡುವ ಮುಂಚೆ ಎರಡೂ ಕ್ಯಾಮೆರಾಗಳಿಂದ ಒಂದೇ ಮೊಬೈಲ್ ಗಡಿಯಾರದ ಫೋಟೋ ತೆಗೆದುಕೊಳ್ಳಿ. ಆಮೇಲೆ ವ್ಯತ್ಯಾಸ ಎಷ್ಟು ಅಂತ ಲೆಕ್ಕ ಸಿಗುತ್ತದೆ. ಡಿಜಿಕ್ಯಾಮ್‌ನಂಥ ಸಾಫ್ಟ್‌ವೇರ್‌ನಲ್ಲಿ ಒಂದು ಕ್ಯಾಮೆರಾದ ಎಲ್ಲ ಫೋಟೋಗಳ ಸಮಯವನ್ನು ಅಷ್ಟು ನಿಮಿಷ ಹಿಂದೆ ಮುಂದೆ ಸರಿಸಬಹುದು.

ವಾಟ್ಸಾಪ್ ಫೋಟೋಗಳದ್ದು ಬೇರೆಯೇ ಗೋಳು. ಮಾಮೂಲಿಯಾಗಿ ಕಳಿಸಿದ ಫೋಟೋ ಚಿಕ್ಕದಾಗುತ್ತದೆ, ಎಕ್ಸಿಫ್ ಮಾಹಿತಿಯೂ ಹೋಗುತ್ತದೆ. ಹೆಸರಿನಲ್ಲಿ ಒಂದು ತಾರೀಖು, ಮುಂದೆ ‘ಡಬ್ಲ್ಯುಎ’ ಅಂತ ಇರುತ್ತದೆ. ಆ ತಾರೀಖು ಫೋಟೋ ತೆಗೆದ ದಿನದ್ದಲ್ಲ, ವಾಟ್ಸಾಪ್‌ನಲ್ಲಿ ಬಂದ ದಿನದ್ದು. ಹೋಳಿ ಮುಗಿದು ತಿಂಗಳಾದ ಮೇಲೆ ಗೆಳೆಯ ಕಳಿಸಿದರೆ ಆ ತಿಂಗಳೇ ಹೋಳಿ ಅಂತ ಕಂಪ್ಯೂಟರ್ ತಿಳಿಯುತ್ತದೆ. ಮೂಲ ಫೋಟೋ ಬೇಕಿದ್ದರೆ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಹಾಗೆ ಬಂದ ಫೈಲ್‌ನಲ್ಲಿ ಎಲ್ಲ ಮಾಹಿತಿ ಇರುತ್ತದೆ. ಇದೇ ಕಾರಣಕ್ಕೆ ಮನೆಯ ಒಳಗೆ ತೆಗೆದ ಫೋಟೋವನ್ನು ಅಪರಿಚಿತರಿಗೆ ಡಾಕ್ಯುಮೆಂಟ್ ಆಗಿ ಕಳಿಸಬೇಡಿ. ಮನೆಯ ಜಿಪಿಎಸ್ ಜಾಗವೂ ಜೊತೆಗೆ ಹೋಗಬಹುದು.

ಮಾಹಿತಿ ಎಲ್ಲಿ ಉಳಿಯುತ್ತದೆ: ಇದೇ ಮುಖ್ಯ

ಈಗ ಪಟ್ಟದಕಲ್ಲಿನ ಕಂಬಕ್ಕೆ ಬರೋಣ. ಇದು ಮಲ್ಲಿಕಾರ್ಜುನ ಗುಡಿಯ ಕಂಬ ಅಂತ ಎಲ್ಲಿ ಬರೆದಿಡಬೇಕು? ಫೋಲ್ಡರ್ ಹೆಸರಿನಲ್ಲಿ ಬರೆಯಬಹುದು. ಆದರೆ ಒಂದು ಫೋಟೋ ಒಂದೇ ಫೋಲ್ಡರ್‌ನಲ್ಲಿ ಇರುತ್ತದೆ. ಈ ಫೋಟೋ ‘ಮಲ್ಲಿಕಾರ್ಜುನ ಗುಡಿ’ಯೂ ಹೌದು, ‘ಕಂಬ’ವೂ ಹೌದು, ‘ಕೃಷ್ಣನ ಕಥೆ’ಯೂ ಹೌದು. ಮೂರು ಫೋಲ್ಡರ್‌ಗೆ ಮೂರು ಪ್ರತಿ ಹಾಕಿದರೆ ನಾಳೆ ಯಾವುದನ್ನು ಎಡಿಟ್ ಮಾಡಿದೆವು ಅಂತ ಗೊತ್ತಾಗುವುದಿಲ್ಲ. ಇಲ್ಲಿ ಕೆಲಸಕ್ಕೆ ಬರುವುದು ಟ್ಯಾಗ್, ಅಂದರೆ ಫೋಟೋಗೆ ಅಂಟಿಸುವ ಗುರುತಿನ ಪದಗಳು. ಒಂದು ಫೋಟೋಗೆ ಎಷ್ಟು ಪದ ಬೇಕಾದರೂ ಕೊಡಬಹುದು. ‘ಕಂಬ’ ಅಂತ ಹುಡುಕಿದರೆ ಬಾದಾಮಿ, ಐಹೊಳೆ, ಪಟ್ಟದಕಲ್ಲು ಮೂರೂ ಕಡೆಯ ಕಂಬಗಳು ಒಟ್ಟಿಗೆ ಬರುತ್ತವೆ.

ಆದರೆ ಆ ಪದ ಹೋಗಿ ಕೂರುವುದು ಎಲ್ಲಿ? ಎರಡು ಸಾಧ್ಯತೆಗಳಿವೆ. ಒಂದು, ಫೋಟೋ ಫೈಲ್‌ನ ಒಳಗೇ. ಇನ್ನೊಂದು, ಸಾಫ್ಟ್‌ವೇರ್‌ನ ಸ್ವಂತ ಡೇಟಾಬೇಸ್‌ನಲ್ಲಿ. ನೋಡಲು ಎರಡೂ ಒಂದೇ ಥರ ಇರುತ್ತವೆ. ವ್ಯತ್ಯಾಸ ತಿಳಿಯುವುದು ಫೋಟೋಗಳನ್ನು ಬೇರೆ ಕಡೆ ಒಯ್ದಾಗ.

ಪಿಕಾಸಾ ನೆನಪಿದೆಯಾ? 2004ರಲ್ಲಿ ಗೂಗಲ್ ಕೊಂಡುಕೊಂಡ ಸಾಫ್ಟ್‌ವೇರ್. ನಮ್ಮ ಕಡೆ ಎಷ್ಟೋ ಸ್ಟುಡಿಯೋಗಳಲ್ಲಿ, ಮನೆಗಳಲ್ಲಿ ಇತ್ತು. ಹಗುರ, ಪುಕ್ಕಟೆ, ಮುಖಗಳನ್ನೂ ಗುರುತಿಸುತ್ತಿತ್ತು. 2016ರಲ್ಲಿ ಗೂಗಲ್ ಅದನ್ನು ನಿಲ್ಲಿಸಿತು. ಪಿಕಾಸಾದಲ್ಲಿ ಜೆಪೆಗ್‌ಗಳಿಗೆ ಬರೆದ ಶೀರ್ಷಿಕೆಗಳು ಫೋಟೋದ ಒಳಗೇ ಸೇರುತ್ತಿದ್ದವು. ಅವು ಇವತ್ತಿಗೂ ಬೇರೆ ಸಾಫ್ಟ್‌ವೇರ್‌ಗಳಲ್ಲಿ ಕಾಣುತ್ತವೆ. ಆದರೆ ಇಷ್ಟದ ಫೋಟೋಗಳಿಗೆ ಗುರುತಾಗಿ ಹಾಕಿದ ನಕ್ಷತ್ರಗಳು, ಕಟ್ಟಿದ ಆಲ್ಬಮ್‌ಗಳು ಪಿಕಾಸಾದ್ದೇ ಫೈಲುಗಳಲ್ಲಿ ಇದ್ದವು. ಕಂಪ್ಯೂಟರ್ ಬದಲಾಯಿಸುವಾಗ ಫೋಟೋಗಳನ್ನು ಮಾತ್ರ ಆರಿಸಿ ಕಾಪಿ ಮಾಡಿದವರಿಗೆ ಅವು ಸಿಗಲಿಲ್ಲ. ಒಂದೇ ಸಾಫ್ಟ್‌ವೇರ್, ಒಬ್ಬರದೇ ಶ್ರಮ. ಅರ್ಧ ಉಳಿಯಿತು, ಅರ್ಧ ಹೋಯಿತು.

ಇವತ್ತಿನ ಕ್ಲೌಡ್ ಸೇವೆಗಳಲ್ಲೂ ಇದೇ ಪ್ರಶ್ನೆ ಇದೆ. ಗೂಗಲ್ ಫೋಟೋಸ್‌ನಲ್ಲಿ ಬರೆದ ವಿವರಣೆಗಳು, ತಿದ್ದಿದ ದಿನಾಂಕಗಳು ಅವರ ಸರ್ವರ್‌ನಲ್ಲಿ ಇರುತ್ತವೆ. ಗೂಗಲ್‌ನದ್ದೇ ಟೇಕ್‌ಔಟ್ ಅನ್ನುವ ಸೌಲಭ್ಯದ ಮೂಲಕ ಎಲ್ಲವನ್ನೂ ಇಳಿಸಿಕೊಂಡಾಗ ಆ ಮಾಹಿತಿ ಫೋಟೋದ ಪಕ್ಕದಲ್ಲಿ ಜೆಸನ್ ಅನ್ನುವ ಬೇರೆ ಫೈಲುಗಳಲ್ಲಿ ಬರುತ್ತದೆ. ಮಾಹಿತಿ ಕಳೆದುಹೋಗಿಲ್ಲ ನಿಜ. ಆದರೆ ಮತ್ತೆ ಜೋಡಿಸುವ ಕೆಲಸ ನಮ್ಮದು.

ಫೋಟೋದ ಒಳಗೆ ಬರೆಯಲು ಎಲ್ಲರೂ ಒಪ್ಪಿದ ಪದ್ಧತಿಗಳಿವೆ. ಎಕ್ಸಿಫ್ ಕ್ಯಾಮೆರಾ ಬರೆಯುವುದು. ಐಪಿಟಿಸಿ ಪತ್ರಿಕಾ ಲೋಕದಿಂದ ಬಂದದ್ದು: ಶೀರ್ಷಿಕೆ, ಛಾಯಾಗ್ರಾಹಕರ ಹೆಸರು, ಹಕ್ಕು ಇತ್ಯಾದಿ. ಎಕ್ಸ್‌ಎಂಪಿ ಅನ್ನುವುದನ್ನು ಅಡೋಬಿ ಕಂಪನಿ 2001ರಲ್ಲಿ ತಂದಿತು, ಮುಂದೆ ಅದು ಅಂತರರಾಷ್ಟ್ರೀಯ ಮಾನದಂಡವೂ ಆಯಿತು. ಎಕ್ಸ್‌ಎಂಪಿಯಲ್ಲಿ ಕನ್ನಡ ತೊಂದರೆಯಿಲ್ಲದೆ ಕೂರುತ್ತದೆ. ರಾ ಫೈಲ್‌ಗಳ ಒಳಗೆ ಬರೆಯಲು ಹೆಚ್ಚಿನ ಸಾಫ್ಟ್‌ವೇರ್‌ಗಳು ಹಿಂಜರಿಯುತ್ತವೆ. ಅವು ಪಕ್ಕದಲ್ಲಿ ಅದೇ ಹೆಸರಿನ ಒಂದು ಚಿಕ್ಕ ಎಕ್ಸ್‌ಎಂಪಿ ಫೈಲ್ ಮಾಡುತ್ತವೆ. ಡಿಎಸ್‌ಸಿ_0412 ಅನ್ನುವ ರಾ ಫೈಲ್‌ಗೆ ಡಿಎಸ್‌ಸಿ_0412 ಅನ್ನುವ ಎಕ್ಸ್‌ಎಂಪಿ. ಇವನ್ನು ಕಸ ಅಂತ ಅಳಿಸಬೇಡಿ. ರಾ ಫೈಲ್ ಒಂದರ ಹೆಸರನ್ನಷ್ಟೇ ಬದಲಾಯಿಸಬೇಡಿ, ಎರಡರದ್ದೂ ಒಟ್ಟಿಗೆ ಬದಲಾಗಬೇಕು. ಜೋಡಿ ತಪ್ಪಿದರೆ ಮಾಹಿತಿ ಅನಾಥವಾಗುತ್ತದೆ.

ಇಲ್ಲಿಂದ ಸಾಫ್ಟ್‌ವೇರ್‌ಗಳ ಎರಡು ಜಾತಿಗಳೂ ಸ್ಪಷ್ಟವಾಗುತ್ತವೆ. ಬ್ರೌಸರ್ ಜಾತಿಯವು ಡಿಸ್ಕಿನಲ್ಲಿ ಫೋಲ್ಡರ್ ಹೇಗಿದೆಯೋ ಹಾಗೇ ತೋರಿಸುತ್ತವೆ. ಎಕ್ಸ್‌ಪ್ಲೋರರ್, ಇರ್ಫಾನ್‌ವ್ಯೂ, ಫಾಸ್ಟ್‌ಸ್ಟೋನ್, ಎಕ್ಸ್‌ಎನ್‌ವ್ಯೂ ಎಂಪಿ, ಅಡೋಬಿ ಬ್ರಿಡ್ಜ್ ಇಂಥವು. ಕ್ಯಾಟಲಾಗ್ ಜಾತಿಯವು ಮೊದಲು ಫೋಟೋಗಳನ್ನು ಇಂಪೋರ್ಟ್ ಮಾಡಿಸಿಕೊಂಡು ತಮ್ಮದೇ ಪಟ್ಟಿ ಇಟ್ಟುಕೊಳ್ಳುತ್ತವೆ. ಅಡೋಬಿಯದ್ದೇ ಲೈಟ್‌ರೂಮ್ ಕ್ಲಾಸಿಕ್ ಹಾಗೆ. ಕ್ಯಾಟಲಾಗ್‌ನಲ್ಲಿ ಹುಡುಕಾಟ ಬಹಳ ಬೇಗ, ಹಾರ್ಡ್‌ಡಿಸ್ಕ್ ಜೋಡಿಸದೇ ಇದ್ದಾಗಲೂ ಪ್ರಿವ್ಯೂ ನೋಡಬಹುದು. ಆದರೆ ಅದರ ಬೆನ್ನಹಿಂದೆ ಎಕ್ಸ್‌ಪ್ಲೋರರ್‌ನಲ್ಲಿ ಫೋಲ್ಡರ್ ಜರುಗಿಸಿದರೆ ‘ಫೋಟೋ ಕಾಣುತ್ತಿಲ್ಲ’ ಅನ್ನುತ್ತದೆ. ಎರಡರ ನಡುವಿನವೂ ಇವೆ. ಡಿಜಿಕ್ಯಾಮ್ ಡೇಟಾಬೇಸ್ ಇಟ್ಟುಕೊಂಡರೂ ಫೋಲ್ಡರ್‌ಗಳನ್ನು ಹಾಗೇ ತೋರಿಸುತ್ತದೆ, ಫೈಲಿನೊಳಗೂ ಬರೆಯಬಲ್ಲದು.

ಯಾವ ಸಾಫ್ಟ್‌ವೇರ್ ಬಳಸಿದರೂ ಹೊಸದಾಗಿ ಹಾಕಿಕೊಂಡ ದಿನ ಸೆಟ್ಟಿಂಗ್ಸ್‌ಗೆ ಹೋಗಿ, ಟ್ಯಾಗ್ ಮತ್ತು ನಕ್ಷತ್ರಗಳನ್ನು ಫೈಲಿಗೆ ಅಥವಾ ಎಕ್ಸ್‌ಎಂಪಿಗೆ ಬರೆಯುವ ಆಯ್ಕೆ ಆನ್ ಮಾಡಿ. ಎಷ್ಟೋ ಕಡೆ ಅದು ಆಫ್ ಇರುತ್ತದೆ. ಆಮೇಲೆ ಸುಮ್ನೆ ನಂಬಬೇಡಿ, ಪರೀಕ್ಷೆ ಮಾಡಿ. ಒಂದು ಜೆಪೆಗ್‌ಗೆ ಟ್ಯಾಗ್ ಹಾಕಿ. ಆ ಒಂದು ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ ಇನ್ನೊಂದು ಕಂಪ್ಯೂಟರ್‌ಗೆ ಒಯ್ಯಿರಿ. ಪ್ರಾಪರ್ಟೀಸ್‌ನ ಡೀಟೇಲ್ಸ್‌ನಲ್ಲಿ ಟ್ಯಾಗ್ ಕಂಡರೆ ಮಾಹಿತಿ ಫೋಟೋದ ಜೊತೆ ಬಂದಿದೆ.

ಯಾವುದನ್ನು ಹಾಕಿಕೊಳ್ಳಬೇಕು

ಮನೆ ಬಳಕೆಗೆ ಫಾಸ್ಟ್‌ಸ್ಟೋನ್ ಅಥವಾ ಎಕ್ಸ್‌ಎನ್‌ವ್ಯೂ ಎಂಪಿ ಸಾಕು. ಎರಡೂ ಮನೆ ಬಳಕೆಗೆ ಪುಕ್ಕಟೆ, ಸ್ಟುಡಿಯೋ ವ್ಯವಹಾರಕ್ಕೆ ಪರವಾನಗಿ ಕೊಳ್ಳಬೇಕು. ಹಳೆಯ, ನಿಧಾನದ ಕಂಪ್ಯೂಟರ್ ಇದ್ದರೆ ಇರ್ಫಾನ್‌ವ್ಯೂ. ಬೋಸ್ನಿಯಾ ಮೂಲದ ಇರ್ಫಾನ್ ಸ್ಕಿಲ್ಯಾನ್ 1996ರಿಂದ ಬೆಳೆಸಿಕೊಂಡು ಬಂದಿರುವ ಸಾಫ್ಟ್‌ವೇರ್ ಅದು, ಬಹಳ ಹಗುರ. ಸಂಶೋಧನೆ ಮಾಡುವವರಿಗೆ, ಸಾವಿರಾರು ಫೋಟೋಗಳಿಗೆ ಟ್ಯಾಗ್ ಹಾಕುವವರಿಗೆ ಡಿಜಿಕ್ಯಾಮ್ ಹೇಳುತ್ತೇನೆ. ಮುಕ್ತ ತಂತ್ರಾಂಶ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಕಲಿಯಲು ಸ್ವಲ್ಪ ಹೊತ್ತು ಬೇಕು.

ಕೆಲಸದ ಕ್ರಮಕ್ಕೆ ಬಂದರೆ, ಕಾರ್ಡಿನ ಮೇಲೇ ಎಂದೂ ಫೋಟೋ ಅಳಿಸಬೇಡಿ, ಎಡಿಟ್ ಮಾಡಬೇಡಿ. ಮೊದಲು ಕಂಪ್ಯೂಟರ್‌ಗೆ, ಆಮೇಲೆ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ. ಎರಡೂ ತೆರೆದು ನೋಡಿದ ಮೇಲೆ ಕಾರ್ಡ್ ಖಾಲಿ ಮಾಡಿ. ನಂತರ ಹೆಸರು ಬದಲಾವಣೆ. ಗುಂಪಿಗೆಲ್ಲ ಸಾಮಾನ್ಯವಾದ ಟ್ಯಾಗ್‌ಗಳನ್ನು ಒಂದೇ ಸಲ ಹಾಕಿ, ‘ಐಹೊಳೆ’, ‘ದುರ್ಗ ಗುಡಿ’ ಅಂತ. ಇದನ್ನು ಹೋಗಿ ಬಂದ ದಿನವೇ ಮಾಡಿ. ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ, ವಾರ ಕಳೆದರೆ ಯಾವುದು ಯಾವುದೋ ಆಗುತ್ತದೆ. ಆಮೇಲೆ ಆರಿಸುವುದು. ಮೊದಲ ಸುತ್ತಿನಲ್ಲಿ ಒಂದೊಂದು ಫೋಟೋಗೂ ತಲೆಕೆಡಿಸಿಕೊಳ್ಳಬೇಡಿ. ಇಟ್ಟುಕೊಳ್ಳಬೇಕಾದ್ದಕ್ಕೆ ಒಂದು ನಕ್ಷತ್ರ ಕೊಟ್ಟು ಮುಂದೆ ಹೋಗಿ. ಎರಡನೇ ಸುತ್ತಿನಲ್ಲಿ ಅವನ್ನಷ್ಟೇ ಫಿಲ್ಟರ್ ಮಾಡಿ, 100 ಪರ್ಸೆಂಟ್‌ನಲ್ಲಿ ನೋಡಿ, ಒಳ್ಳೆಯದಕ್ಕೆ ಮೂರು ಕೊಡಿ. ಹೀಗೆ ಸೋಸಿದರೆ ಕಣ್ಣಿಗೆ ಆಯಾಸ ಕಡಿಮೆ, ತೀರ್ಮಾನವೂ ಚೆನ್ನಾಗಿರುತ್ತದೆ.

ಸ್ಕ್ಯಾನ್ ಮಾಡಿದ ಹಳೆಯ ಫೋಟೋಗಳ ಬಗ್ಗೆ ಬೇರೆಯಾಗಿ ಹೇಳಲೇಬೇಕು. ಆಲಮಟ್ಟಿ ಹಿನ್ನೀರಿನಿಂದ ಹಳೇ ಬಾಗಲಕೋಟೆಯ ಎಷ್ಟೋ ಮನೆಗಳು, ಓಣಿಗಳು ಹೋದವು. ಜನ ನವನಗರಕ್ಕೆ ಬಂದರು. ಆ ಓಣಿಗಳ ಫೋಟೋ ಇನ್ನೊಮ್ಮೆ ತೆಗೆಯಲು ಸಾಧ್ಯವಿಲ್ಲ. ಮನೆಗಳ ಟ್ರಂಕಿನಲ್ಲಿರುವ ಪ್ರಿಂಟ್‌ಗಳೇ ಈಗ ದಾಖಲೆ. ಅವನ್ನು ಸ್ಕ್ಯಾನ್ ಮಾಡಿದರೆ ಕಂಪ್ಯೂಟರ್‌ಗೆ ಸಿಗುವುದು ಸ್ಕ್ಯಾನ್ ಮಾಡಿದ ದಿನಾಂಕ ಮಾತ್ರ. ಯಾವ ವರ್ಷ, ಯಾವ ಓಣಿ, ಯಾರ ಮನೆ ಅಂತ ಅದಕ್ಕೆ ಗೊತ್ತಿಲ್ಲ. ವರ್ಷ ಅಂದಾಜಿಗೆ ಮಾತ್ರ ಗೊತ್ತಿದ್ದರೆ ಹೆಸರಿನಲ್ಲಿ ‘1985_ಅಂದಾಜು_ಹಳೇ_ಬಾಗಲಕೋಟೆ_001’ ಅಂತ ಬರೆಯಿರಿ. ಎಕ್ಸಿಫ್‌ನ ದಿನಾಂಕದಲ್ಲಿ ಆ ವರ್ಷದ ಜನವರಿ 1 ಹಾಕಿ, ಇದು ಅಂದಾಜು ಅಂತ ಶೀರ್ಷಿಕೆಯಲ್ಲಿ ತಿಳಿಸಿ. ಪ್ರಿಂಟಿನ ಹಿಂಬದಿಯಲ್ಲಿ ಪೆನ್ನಿನಿಂದ ಏನಾದರೂ ಬರೆದಿದ್ದರೆ ಅದನ್ನೂ ಸ್ಕ್ಯಾನ್ ಮಾಡಿ, ಮುಂಬದಿಯ ಹೆಸರನ್ನೇ ಕೊಟ್ಟು ಕೊನೆಗೆ ‘ಹಿಂದೆ’ ಅಂತ ಸೇರಿಸಿ. ಆಗ ಫೋಲ್ಡರ್‌ನಲ್ಲಿ ಎರಡೂ ಪಕ್ಕಪಕ್ಕ ಕಾಣುತ್ತವೆ. ಸ್ಕ್ಯಾನ್ ಮಾಡುವಾಗ ಕನಿಷ್ಠ 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕೆ, ಇಡಿ. ಮೂಲವನ್ನು ಗುಣಮಟ್ಟ ಕಡಿಮೆಯಾಗದ ಟಿಫ್ ರೂಪದಲ್ಲಿ ಉಳಿಸಿ, ಹಂಚಲು ಜೆಪೆಗ್ ಪ್ರತಿ ಮಾಡಿಕೊಳ್ಳಿ. ಫೋಟೋದಲ್ಲಿ ಇರುವವರನ್ನು ಗುರುತಿಸಬಲ್ಲ ಹಿರಿಯರು ಮನೆಯಲ್ಲಿದ್ದರೆ ಈ ಕೆಲಸವನ್ನು ಎಲ್ಲಕ್ಕಿಂತ ಮೊದಲು ಹಿಡಿಯಿರಿ. ಲ್ಯಾಪ್‌ಟಾಪ್ ಅವರ ಮುಂದೆ ಇಟ್ಟು, ಅವರು ಎಡದಿಂದ ಬಲಕ್ಕೆ ಹೇಳುತ್ತಾ ಹೋದ ಹೆಸರುಗಳನ್ನು ಅಲ್ಲೇ ಶೀರ್ಷಿಕೆಯಲ್ಲಿ ಟೈಪ್ ಮಾಡಿ.